ಆಂಜೆಲಿನಾ ಗ್ರಿಮ್ಕಿ ಮದುವೆ ಆದಮೇಲೆ ನಿಜವಾಗಿಯೂ ಸುಮ್ಮನಾದಳಾ?

ಮಲ್ಲಿಗೆಮೊಗ್ಗು:

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಇತಿಹಾಸದ ವಿದ್ಯಾರ್ಥಿನಿ. ಸೆಮಿನಾರಿಗೆ ಅಮೆರಿಕದ ಗುಲಾಮಗಿರಿ ವಿರೋಧಿ ಚಳವಳಿಯ ಹೆಂಗಸರ ಬಗ್ಗೆ ಮಾಡುತ್ತೇನೆ ಅಂತ ಹೆಸರು ಕೊಟ್ಟುಬಿಟ್ಟೆ. ಈಗ ಆಂಜೆಲಿನಾ ಗ್ರಿಮ್ಕಿ ಹತ್ತಿರ ಬಂದು ನಿಂತುಹೋಗಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1805ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದವಳು. ಅಪ್ಪ ನ್ಯಾಯಾಧೀಶ, ಮನೆ ತುಂಬಾ ಗುಲಾಮರು. 14 ಮಕ್ಕಳಲ್ಲಿ ಇವಳೇ ಕೊನೆಯವಳು. ಅಕ್ಕ ಸಾರಾ 12 ವರ್ಷಕ್ಕೂ ಜಾಸ್ತಿ ದೊಡ್ಡವಳು, ಆಂಜೆಲಿನಾ ಅವಳನ್ನು ಅಮ್ಮ ಅಂತಲೇ ಕರೆಯುತ್ತಿದ್ದಳು. ಸಾರಾ 1821ರಲ್ಲಿ, ಇವಳು 1829ರಲ್ಲಿ ಮನೆ ಬಿಟ್ಟು ಫಿಲಡೆಲ್ಫಿಯಾಗೆ ಹೋಗಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥಕ್ಕೆ ಸೇರಿದರು. 1836ರಲ್ಲಿ ಆಂಜೆಲಿನಾ ದಕ್ಷಿಣದ ಹೆಂಗಸರಿಗೆ ಅಂತ ಗುಲಾಮಗಿರಿ ವಿರುದ್ಧ ಒಂದು ಪುಸ್ತಿಕೆ ಬರೆದಳು, ಅದನ್ನು ಚಾರ್ಲ್ಸ್‌ಟನ್‌ನಲ್ಲಿ ಸುಟ್ಟರು, ಊರಿಗೆ ಕಾಲಿಟ್ಟರೆ ಜೈಲಿಗೆ ಹಾಕುತ್ತೇವೆ ಅಂತ ಹೇಳಿಕಳಿಸಿದರು. 1838ರ ಫೆಬ್ರವರಿ 21ರಂದು ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ಮಾತಾಡಿದಳು. ಅಮೆರಿಕದಲ್ಲಿ ಶಾಸನಸಭೆಯೊಂದರ ಮುಂದೆ ನಿಂತು ಮಾತಾಡಿದ ಮೊದಲ ಹೆಂಗಸು ಇವಳೇ. ಅದರ ಹಿಂದಿನ ದಿನವಷ್ಟೇ 33 ತುಂಬಿತ್ತು.

ಅದೇ ವರ್ಷ ಮೇ ತಿಂಗಳಲ್ಲಿ ಥಿಯೊಡರ್ ವೆಲ್ಡ್ ಜೊತೆ ಮದುವೆ. ಆಮೇಲೆ ದೊಡ್ಡ ವೇದಿಕೆಗಳಲ್ಲಿ ಆಕೆ ಕಾಣಿಸುವುದೇ ಅಪರೂಪ. ಮೂರು ಮಕ್ಕಳು, ತೋಟ, ಅಡುಗೆ, ಶಾಲೆ.

ನನ್ನ ಪ್ರಶ್ನೆ ಎರಡು. ಗಂಡನೂ ಅದೇ ಚಳವಳಿಯವನೇ, ಆದರೂ ಹೀಗೇಕಾಯಿತು? ಮತ್ತೆ ಕ್ವೇಕರುಗಳು ಗುಲಾಮಗಿರಿ ವಿರೋಧಿಗಳು ಅಂತ ಎಲ್ಲ ಕಡೆ ಓದಿದ್ದೇನೆ, ಅಂಥವರು ಇವಳನ್ನೇ ಹೊರಗೆ ಹಾಕಿದ್ದು ಯಾಕೆ? ನಮ್ಮ ಗೈಡ್ ಅಂತೂ "ಕ್ವೇಕರ್ ಆಗಿದ್ದಕ್ಕೇ ಹೋರಾಟಗಾರ್ತಿ ಆದಳು ಅಂತ ಬರಿಯಮ್ಮ, ಸಾಕು" ಅಂದುಬಿಟ್ಟರು. ನನಗೆ ಅದು ಸರಿ ಕಾಣುತ್ತಿಲ್ಲ.

ಹಳೇಪೇಟೆ_ಮೇಷ್ಟ್ರು:

ನೋಡಮ್ಮ, ಭಾಷಣ ಮಾತ್ರ ಲೆಕ್ಕಕ್ಕೆ ತಗೊಂಡರೆ ಹೌದು, ಸುಮ್ಮನಾದರು. ಕೆಲಸ ಲೆಕ್ಕಕ್ಕೆ ತಗೊಂಡರೆ ಉತ್ತರ ಬೇರೆ.

ಮೊದಲು ಮದುವೆಯನ್ನೇ ನೋಡಿ. 1838 ಮೇ 14, ಫಿಲಡೆಲ್ಫಿಯಾದಲ್ಲಿ ಅಕ್ಕ ಆನಾಳ ಮನೆ. ಮಂತ್ರ ಹೇಳಿಕೊಡಲು ಪಾದ್ರಿ ಇಲ್ಲ, ಗಂಡು ಹೆಣ್ಣು ತಮ್ಮ ಮಾತು ತಾವೇ ಆಡಿದರು. ಹೆಂಡತಿಯ ಆಸ್ತಿಯ ಮೇಲೆ, ಅವಳ ಮೇಲೆ ಕಾನೂನು ಗಂಡನಿಗೆ ಕೊಡುವ ಅಧಿಕಾರ ನನಗೆ ಬೇಡ ಅಂತ ವೆಲ್ಡ್ ಎಲ್ಲರೆದುರು ಹೇಳಿದರು. ಗಂಡನ ಮಾತು ಮೀರುವುದಿಲ್ಲ ಅನ್ನುವ ಮಾಮೂಲಿ ವಚನವನ್ನು ಆಂಜೆಲಿನಾ ಹೇಳಲೇ ಇಲ್ಲ. ಪ್ರಾರ್ಥನೆ ಮಾಡಿದವರಲ್ಲಿ ಒಬ್ಬರು ಕಪ್ಪು ಪಾದ್ರಿ, ಒಬ್ಬರು ಬಿಳಿ ಪಾದ್ರಿ. ಕೇಕ್ ಮಾಡಿದ್ದು ಕಪ್ಪು ಬೇಕರಿಯವನು, ಅದಕ್ಕೆ ಹಾಕಿದ ಸಕ್ಕರೆ ಗುಲಾಮರ ಕೈಯಿಂದ ಬೆಳೆಸದ ಸಕ್ಕರೆ. ಗ್ರಿಮ್ಕಿ ಮನೆಯಲ್ಲಿ ಹಿಂದೆ ಗುಲಾಮರಾಗಿದ್ದ ತಾಯಿ ಮಗಳು ಅತಿಥಿಗಳಾಗಿ ಬಂದಿದ್ದರು. ಈ ಕಾಲದಲ್ಲಿ ನಾವು ಲಗ್ನಪತ್ರಿಕೆಯಲ್ಲಿ "ಉಡುಗೊರೆ ಬೇಡ" ಅಂತ ಒಂದು ಸಾಲು ಹಾಕಿಸಿ ದೊಡ್ಡ ಕ್ರಾಂತಿ ಮಾಡಿದೆವು ಅಂದುಕೊಳ್ಳುತ್ತೇವೆ, ಇರಲಿ.

ಎರಡು ದಿನ ಬಿಟ್ಟು, ಮೇ 16ರ ರಾತ್ರಿ, ಗುಲಾಮಗಿರಿ ವಿರೋಧಿಗಳು ಹೊಸದಾಗಿ ಕಟ್ಟಿದ್ದ ಪೆನ್ಸಿಲ್ವೇನಿಯಾ ಹಾಲ್‌ನಲ್ಲಿ ಮದುಮಗಳು ಭಾಷಣಕ್ಕೆ ನಿಂತರು. ಹೊರಗೆ ಸಾವಿರಾರು ಜನ, ಕಿಟಕಿಗೆ ಕಲ್ಲು, ಗಾಜು ಒಳಗೆ ಬೀಳುತ್ತಿದೆ. ಇವರು ಗಂಟೆಗೂ ಜಾಸ್ತಿ ಮಾತಾಡಿದರು. ಗುಂಪು ಅಂದರೇನು, ಕಿಟಕಿಗಳನ್ನೆಲ್ಲ ಒಡೆದರೆ ತಾನೇ ಏನಾಯಿತು, ಗುಲಾಮರು ಪಡುವ ಪಾಡಿನ ಮುಂದೆ ಇದು ಯಾವ ಲೆಕ್ಕ ಅನ್ನುವ ಅರ್ಥದ ಮಾತು ಅಲ್ಲೇ ನಿಂತು ಆಡಿದ್ದು. ಮಾರನೇ ದಿನ ಸಂಜೆ ಗುಂಪು ಆ ಕಟ್ಟಡಕ್ಕೆ ಬೆಂಕಿ ಇಟ್ಟಿತು. ಸುಮಾರು 40,000 ಡಾಲರ್ ಖರ್ಚು ಮಾಡಿ ಕಟ್ಟಿದ್ದು, ಉದ್ಘಾಟನೆಯಾಗಿ ಒಂದು ವಾರವೂ ಆಗಿರಲಿಲ್ಲ. ಬೆಂಕಿ ಆರಿಸುವವರು ಬಂದರು, ಅಕ್ಕಪಕ್ಕದ ಮನೆಗಳಿಗೆ ನೀರು ಹೊಡೆದರು, ಹಾಲ್ ಮಾತ್ರ ಉರಿಯಲು ಬಿಟ್ಟರು.

ಇದಾದ ಮೇಲೆ ಗಂಡ, ಹೆಂಡತಿ, ಸಾರಾ ಮೂವರೂ ನ್ಯೂಜೆರ್ಸಿಯ ಫೋರ್ಟ್ ಲೀ ಅನ್ನುವ ಕಡೆ ಮನೆ ಮಾಡಿದರು. ನಿಮ್ಮ ಪುಸ್ತಕಗಳು ಇಲ್ಲಿಗೆ "ಸಂಸಾರಕ್ಕೆ ಇಳಿದರು" ಅಂತ ಮುಗಿಸಿರುತ್ತವೆ. ಆ ಮನೆಯೊಳಗೆ ನಡೆದದ್ದು ಏನು ಅಂತ ನೋಡಬೇಕು. ನ್ಯೂಯಾರ್ಕಿನ ಒಂದು ವಾಚನಾಲಯ ಓದಿ ಪಕ್ಕಕ್ಕೆ ಹಾಕುತ್ತಿದ್ದ ದಕ್ಷಿಣದ ಪತ್ರಿಕೆಗಳನ್ನು ವೆಲ್ಡ್ ರಾಶಿಗಟ್ಟಲೆ ತಂದು ಹಾಕುತ್ತಿದ್ದರು. ಅಕ್ಕತಂಗಿ ಇಬ್ಬರೂ ತಿಂಗಳುಗಟ್ಟಲೆ ಕೂತು ಒಂದೊಂದೇ ಹಾಳೆ ನೋಡಿ ಬೇಕಾದ್ದನ್ನು ಕತ್ತರಿಸಿ ತೆಗೆದರು. ಸಾವಿರಾರು ಪತ್ರಿಕೆಗಳು. ಏನು ಕತ್ತರಿಸುತ್ತಿದ್ದರು ಅಂದರೆ, ಓಡಿಹೋದ ಗುಲಾಮರನ್ನು ಹುಡುಕಿಕೊಡಿ ಅಂತ ಯಜಮಾನರೇ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಗುರುತು ಹೇಳಬೇಕಲ್ಲ, ಹಾಗಾಗಿ ಬೆನ್ನಿನ ಬಾಸುಂಡೆ, ಕತ್ತರಿಸಿದ ಕಿವಿ, ಕುತ್ತಿಗೆಯ ಕಬ್ಬಿಣದ ಪಟ್ಟಿ, ಎಲ್ಲವನ್ನೂ ತಾವೇ ಬರೆದುಕೊಂಡಿರುತ್ತಾರೆ. ಉತ್ತರ ಕೆರೊಲಿನಾದವನೊಬ್ಬ 1838ರಲ್ಲಿ ಹಾಕಿಸಿದ್ದು ಹೀಗಿದೆ: ಒಬ್ಬ ಹೆಂಗಸು, ಎರಡು ಮಕ್ಕಳು ಓಡಿಹೋಗಿದ್ದಾರೆ, ಅವಳು ಹೋಗುವ ಕೆಲವು ದಿನ ಮುಂಚೆ ಎಡಗೆನ್ನೆಗೆ ಕಾದ ಕಬ್ಬಿಣದಿಂದ ಬರೆ ಎಳೆದಿದ್ದೆ, ಎಂ ಅಕ್ಷರ ಮೂಡಿಸಲು ನೋಡಿದ್ದೆ. ಸಂಕೋಚವೇ ಇಲ್ಲ, ಕಳೆದುಹೋದ ಹಸುವಿನ ಗುರುತು ಹೇಳಿದ ಹಾಗೆ ಹೇಳಿದ್ದಾನೆ.

ಇದನ್ನೆಲ್ಲ ಜೋಡಿಸಿ, ಕಣ್ಣಾರೆ ಕಂಡವರ ಹೇಳಿಕೆಗಳನ್ನೂ ಸೇರಿಸಿ 1839ರಲ್ಲಿ "ಅಮೆರಿಕನ್ ಸ್ಲೇವರಿ ಆ್ಯಸ್ ಇಟ್ ಈಸ್" ಅನ್ನುವ ಪುಸ್ತಕ ತಂದರು. ಆಂಜೆಲಿನಾ, ಸಾರಾ ಇಬ್ಬರೂ ತಮ್ಮ ತವರಿನಲ್ಲಿ ಕಂಡದ್ದನ್ನು ಅದರಲ್ಲಿ ಸಾಕ್ಷಿಯಾಗಿ ಬರೆದಿದ್ದಾರೆ. ಮೊದಲ ವರ್ಷವೇ ಒಂದು ಲಕ್ಷದಷ್ಟು ಪ್ರತಿ ಹೋಯಿತು ಅನ್ನುತ್ತಾರೆ. ಮುಖಪುಟದಲ್ಲಿ ಯಾರ ಹೆಸರೂ ಇರಲಿಲ್ಲ. ಗುಲಾಮರ ಒಡೆಯರ ಬಾಯಿಂದಲೇ ಅವರ ಕಥೆ ಹೇಳಿಸಿದ ಮೇಲೆ ಅದು ಸುಳ್ಳು ಅಂತ ವಾದ ಮಾಡಲು ಯಾರಿಗಾಗುತ್ತದೆ? ವೇದಿಕೆ ಮೇಲಿನ ನೂರು ಭಾಷಣಕ್ಕಿಂತ ಇದು ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಭಿಪ್ರಾಯ. ಇದೇ 1839ರ ಡಿಸೆಂಬರಿನಲ್ಲಿ ಮೊದಲ ಮಗ ಹುಟ್ಟಿದ್ದು, ಅದನ್ನೂ ಪಕ್ಕದಲ್ಲಿಟ್ಟು ನೋಡಿ. ಸುಮ್ಮನಾದಳು ಅಂತ ಬರೆಯಬೇಡಿ.

ಆರ್ಚ್‌ಬೀದಿ:

ನಾನು ಫಿಲಡೆಲ್ಫಿಯಾ ಪಕ್ಕದಲ್ಲೇ ಇದ್ದೇನೆ, ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಆರ್ಚ್ ಸ್ಟ್ರೀಟ್‌ನ ಕ್ವೇಕರ್ ಮೀಟಿಂಗ್ ಹೌಸ್ ಇನ್ನೂ ಇದೆ, ನೋಡಬಹುದು. ಇಟ್ಟಿಗೆ ಕಟ್ಟಡ, ಒಳಗೆ ಬರೀ ಮರದ ಬೆಂಚು. ಶಿಲುಬೆ ಇಲ್ಲ, ಬಣ್ಣದ ಗಾಜಿಲ್ಲ, ಪೀಠವೂ ಇಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ, ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು ಎದ್ದು ಹೇಳುತ್ತಾರೆ, ಗಂಡಸಾಗಲಿ ಹೆಂಗಸಾಗಲಿ. ಆ ಕಾಲದ ಬೇರೆ ಹೆಚ್ಚಿನ ಚರ್ಚುಗಳಲ್ಲಿ ಹೆಂಗಸು ಬಾಯಿ ಬಿಡುವ ಹಾಗಿರಲಿಲ್ಲ. ನಿಮ್ಮ ಗೈಡ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ಆದರೆ ಯಾವ ಕಾಲದ ಕ್ವೇಕರುಗಳು ಅಂತ ಕೇಳಬೇಕು. 1688ರಲ್ಲಿ ಜರ್ಮನ್‌ಟೌನ್‌ನಲ್ಲಿ ಗುಲಾಮಗಿರಿ ವಿರುದ್ಧ ಬರೆದುಕೊಟ್ಟವರು ಇದ್ದರು, 1776ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ ಗುಲಾಮರನ್ನು ಇಟ್ಟುಕೊಂಡವರು ನಮ್ಮವರಲ್ಲ ಅಂತ ತೀರ್ಮಾನ ಮಾಡಿತು. ಅಲ್ಲಿಗೆ ನಮ್ಮ ಕೈ ಶುದ್ಧವಾಯಿತಲ್ಲ ಅಂತ ಎಷ್ಟೋ ಜನ ತಣ್ಣಗಾದರು. ಗುಲಾಮರು ಬೆಳೆದ ಹತ್ತಿಯ ವ್ಯಾಪಾರ ನಡೆಯುತ್ತಿತ್ತು, ಊರಲ್ಲಿ ಗಲಾಟೆ ಬೇಡ, ರಾಜಕೀಯ ಬೇಡ. ಮೇಲಾಗಿ 1827ರಲ್ಲಿ ಪಂಥವೇ ಎರಡಾಗಿ ಒಡೆದಿತ್ತು. ಗ್ರಿಮ್ಕಿ ಸೋದರಿಯರು ಸೇರಿದ್ದು ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಬಣಕ್ಕೆ. ಇನ್ನೊಬ್ಬ ಗುಲಾಮಗಿರಿ ವಿರೋಧಿ ಹೋರಾಟಗಾರ್ತಿ ಲುಕ್ರೀಷಿಯಾ ಮಾಟ್ ಇದ್ದದ್ದು ಇನ್ನೊಂದು, ಹಿಕ್ಸೈಟ್ ಬಣದಲ್ಲಿ. ಆಕೆಗೂ ಒಳಗೆ ಕಿರಿಕಿರಿ ಇತ್ತು, ಆದರೆ ಕೊನೆವರೆಗೂ ಕ್ವೇಕರ್ ಆಗಿಯೇ ಉಳಿದಳು. ಹಾಗಾಗಿ "ಕ್ವೇಕರುಗಳು" ಅಂತ ಒಂದೇ ಗಂಟು ಕಟ್ಟಬೇಡಿ.

ಈಗ ಆಂಜೆಲಿನಾ. ಚಾರ್ಲ್ಸ್‌ಟನ್‌ನಲ್ಲಿದ್ದಾಗಲೇ ಟೋಪಿಯ ಲೇಸು ಕಿತ್ತು ಸಾದಾ ಬಟ್ಟೆ ಹಾಕಿಕೊಂಡು ಅಲ್ಲಿನ ಕ್ವೇಕರ್ ಸಭೆಗೆ ಹೋಗಲು ಶುರು ಮಾಡಿದಳು. ಆ ಸಭೆಯಲ್ಲಿ ಇದ್ದದ್ದು ಇಬ್ಬರೇ ಮುದುಕರು, ಅವರಿಬ್ಬರಿಗೂ ಮಾತಿಲ್ಲ! ಫಿಲಡೆಲ್ಫಿಯಾಗೆ ಬಂದಮೇಲೆ ಇನ್ನೊಂದು ಕಂಡಿತು. ಆರ್ಚ್ ಸ್ಟ್ರೀಟ್‌ನಲ್ಲಿ ಕಪ್ಪು ಜನರಿಗೆ ಬೇರೆ ಬೆಂಚು. ಗ್ರೇಸ್ ಡಗ್ಲಸ್, ಅವಳ ಮಗಳು ಸಾರಾ ಮ್ಯಾಪ್ಸ್ ಡಗ್ಲಸ್ ಅಲ್ಲಿ ಕೂರುತ್ತಿದ್ದರು. ಗ್ರಿಮ್ಕಿ ಸೋದರಿಯರು ಹೋಗಿ ಅವರ ಜೊತೆ ಅದೇ ಬೆಂಚಿನಲ್ಲಿ ಕೂತರು. ಹಿರಿಯರಿಗೆ ಇದು ಹಿಡಿಸಲಿಲ್ಲ.

ಖಾಸಗಿ ಬದುಕಿಗೂ ಸಭೆಯ ಕೈ ಚಾಚಿತ್ತು. 1831ರಲ್ಲಿ ಕ್ಯಾಥರಿನ್ ಬೀಚರ್ ಶಾಲೆಗೆ ಹೋಗಿ ಓದಿ ಟೀಚರ್ ಆಗುತ್ತೇನೆ ಅಂದಳು, ಹಿರಿಯರು ಒಪ್ಪಲಿಲ್ಲ. ಎಡ್ವರ್ಡ್ ಬೆಟಲ್ ಅನ್ನುವ ಕ್ವೇಕರ್ ಹುಡುಗ ಮನೆಗೆ ಬಂದುಹೋಗಿ ಮಾಡುತ್ತಿದ್ದ, ಮದುವೆ ಆಗಬಹುದು ಅನ್ನುವಷ್ಟರಲ್ಲಿ 1832ರ ಕಾಲರಾದಲ್ಲಿ ತೀರಿಕೊಂಡ. 1835ರಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆಯ ಸಂಪಾದಕ ಗ್ಯಾರಿಸನ್‌ಗೆ ಒಂದು ಕಾಗದ ಬರೆದಳು. ಈ ಕೆಲಸಕ್ಕಾಗಿ ಸತ್ತರೂ ಸರಿ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಅವನು ಕೇಳದೆಯೇ ಪತ್ರಿಕೆಯಲ್ಲಿ ಹಾಕಿಬಿಟ್ಟ. ವಾಪಸ್ ತಗೋ ಅಂತ ಸಭೆಯವರು ಒತ್ತಾಯ ಮಾಡಿದರು. ಸಾರಾಳಿಗೂ ಬೇಸರವಾಯಿತು. ಆಂಜೆಲಿನಾ ಒಂದು ಅಕ್ಷರವನ್ನೂ ಹಿಂತೆಗೆದುಕೊಳ್ಳಲಿಲ್ಲ. ಮಾರನೇ ವರ್ಷ ಸಾರಾ ಸಭೆಯಲ್ಲಿ ಎದ್ದು ಮಾತಾಡುತ್ತಿದ್ದಾಗ ಜೋನಾಥನ್ ಇವಾನ್ಸ್ ಅನ್ನುವ ಹಿರಿಯ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿದ. ಆಮೇಲೆ ಅವಳಿಗೂ ಅಲ್ಲಿ ಇರಲು ಮನಸ್ಸಾಗಲಿಲ್ಲ.

ಹೊರಗೆ ಹಾಕಿದ ಕಾರಣ ಕಾಗದದ ಮೇಲೆ ಗುಲಾಮಗಿರಿ ಅಲ್ಲವೇ ಅಲ್ಲ. ವೆಲ್ಡ್ ಕ್ವೇಕರ್ ಅಲ್ಲ, ಹೊರಗಿನವನನ್ನು ಮದುವೆಯಾದಳು, ಅದಕ್ಕೆ ಆಂಜೆಲಿನಾ ಹೊರಗೆ. ಸಾರಾ ಮಾಡಿದ ತಪ್ಪು ಆ ಮದುವೆಗೆ ಹೋದದ್ದು! ನಿಯಮ ಹಳೆಯದೇ, ಎಷ್ಟೋ ಜನರ ಮೇಲೆ ಹಾಕಿದ್ದೇ. ಆದರೂ ಹಿರಿಯರಿಗೆ ಆವತ್ತು ನಿರಾಳವಾಗಿರಬೇಕು ಅಂತ ನನಗನ್ನಿಸುತ್ತದೆ.

ಮಲ್ಲಿಗೆಮೊಗ್ಗು:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಜಾಹೀರಾತು ಕತ್ತರಿಸಿದ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೇಷ್ಟ್ರೇ, ಒಂದು ಸಣ್ಣ ತಕರಾರು. ಆ ಪುಸ್ತಕಕ್ಕೆ ಎಲ್ಲರೂ ವೆಲ್ಡ್ ಹೆಸರನ್ನೇ ಹೇಳುತ್ತಾರಲ್ವಾ? ಹಾಗಾದರೆ ಆಕೆಯ ಕೆಲಸ ಗಂಡನ ಲೆಕ್ಕಕ್ಕೆ ಹೋಯಿತು ಅಂತಲೇ ಆಯಿತಲ್ಲ.

ಚುರುಮುರಿ:

ಅದನ್ನೇ ಹೇಳೋಣ ಅಂತ ಬಂದೆ. ಮೇಷ್ಟ್ರ ಬಗ್ಗೆ ಗೌರವ ಇದೆ, ಆದರೆ ವೆಲ್ಡ್‌ಗೆ ಸ್ವಲ್ಪ ಜಾಸ್ತಿಯೇ ಹೂ ಏರಿಸಿದ್ದಾರೆ.

1837ಕ್ಕೆ ಹೋಗಿ. ಅಕ್ಕತಂಗಿ ನ್ಯೂ ಇಂಗ್ಲೆಂಡ್‌ನಲ್ಲಿ 60ಕ್ಕೂ ಜಾಸ್ತಿ ಊರು ಸುತ್ತಿ ಭಾಷಣ ಮಾಡಿದರು. ಹೆಂಗಸರಿಗೆ ಅಂತ ಕರೆದ ಸಭೆಗೆ ಗಂಡಸರೂ ಬಂದು ಹಿಂದೆ ನಿಲ್ಲಲು ಶುರುವಾಯಿತು, ನಿಂತವರು ಕೂತರು, ಆಮೇಲೆ ಹಾಲ್ ತುಂಬಿತು. ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಪಾದ್ರಿಗಳು ಒಂದು ಪತ್ರ ಹೊರಡಿಸಿದರು. ಬಳ್ಳಿ ಚಪ್ಪರಕ್ಕೆ ಒರಗಿಕೊಂಡು ಬೆಳೆಯಬೇಕು, ತಾನೇ ಮರ ಆಗಲು ಹೊರಟರೆ ಹಣ್ಣೂ ಬಿಡುವುದಿಲ್ಲ, ಮಣ್ಣಿಗೂ ಬೀಳುತ್ತದೆ, ಹೆಂಗಸೂ ಹಾಗೇ ಅಂತ. ಪಾದ್ರಿಗಳು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡಿ. ಆದರೆ ಅದೇ ಸಮಯಕ್ಕೆ ನಮ್ಮವರೇ ಆದ ವೆಲ್ಡ್, ಮತ್ತೆ ಕ್ವೇಕರ್ ಕವಿ ವಿಟಿಯರ್, ಇಬ್ಬರೂ ಕಾಗದ ಬರೆದು ಹೆಂಗಸರ ಹಕ್ಕಿನ ಮಾತು ಈಗ ಬೇಡ, ಗುಲಾಮರ ವಿಷಯಕ್ಕೆ ತೊಂದರೆ ಆಗುತ್ತದೆ, ಅದನ್ನು ಪಕ್ಕಕ್ಕಿಡಿ ಅಂದರು. ಆಂಜೆಲಿನಾ ಕೊಟ್ಟ ಉತ್ತರ ನೋಡಿ: ಈ ವರ್ಷ ಮಾತಾಡುವ ಹಕ್ಕು ಬಿಟ್ಟುಕೊಟ್ಟರೆ, ಮುಂದಿನ ವರ್ಷ ಅರ್ಜಿ ಹಾಕುವ ಹಕ್ಕು, ಅದರ ಮುಂದಿನ ವರ್ಷ ಬರೆಯುವ ಹಕ್ಕು ಬಿಡಬೇಕಾಗುತ್ತದೆ. ಸೆಮಿನಾರಿನಲ್ಲಿ ಇದನ್ನು ಬಿಡಬೇಡಿ. ಮೊದಲು ಇದು, ಆಮೇಲೆ ಅದು ಅನ್ನುವ ರಾಗ ಇವತ್ತಿಗೂ ಕೇಳುತ್ತೇವೆ.

ಇನ್ನು ಮದುವೆ ನಂತರ. 1840ರಲ್ಲಿ ಬೆಲ್‌ವಿಲ್‌ನಲ್ಲಿ ತೋಟ ತಗೊಂಡರು. 1841ರ ಚಳಿಗಾಲ ಮತ್ತು ಅದರ ಮುಂದಿನ ಚಳಿಗಾಲ ವೆಲ್ಡ್ ವಾಷಿಂಗ್ಟನ್‌ನಲ್ಲಿದ್ದ. ಜಾನ್ ಕ್ವಿನ್ಸಿ ಆಡಮ್ಸ್ ಮತ್ತೆ ಇತರ ಸಂಸದರಿಗೆ ಬೇಕಾದ ಮಾಹಿತಿ ಹುಡುಕಿಕೊಡುವ ಕೆಲಸ. ಒಳ್ಳೆಯ ಕೆಲಸವೇ, ಬೇಡ ಅನ್ನುವುದಿಲ್ಲ. ಆಗ ತೋಟದಲ್ಲಿ ಎರಡು ಕೂಸು ಹಿಡಿದುಕೊಂಡು ಇದ್ದವಳು ಯಾರು? ಶಾಸನಸಭೆಯಲ್ಲಿ ಮಾತಾಡಿದವಳು. ಮನೆಗೆಲಸಕ್ಕೆ ಗುಲಾಮರಿದ್ದ ಮನೆಯಲ್ಲಿ ಬೆಳೆದು ಸಾರು ಕುದಿಸಲು ಕಲಿತದ್ದೇ ಮದುವೆ ಆದಮೇಲೆ, ಪಾಪ. ಒಂದು ಗರ್ಭಪಾತ, ಹೆರಿಗೆಗಳ ನಂತರ ಗರ್ಭಕೋಶ ಜಾರಿದ ತೊಂದರೆ, ವರ್ಷಗಟ್ಟಲೆ ನೋವು. ಇದನ್ನು ಯಾರೂ ವೇದಿಕೆಯಲ್ಲಿ ಹೇಳುತ್ತಿರಲಿಲ್ಲ.

ಪಕ್ಕದಲ್ಲಿ ಅಬಿ ಕೆಲಿಯನ್ನು ಇಟ್ಟು ನೋಡಿ. ಇವಳೂ ಕ್ವೇಕರ್ ಹುಡುಗಿ, ಮ್ಯಾಸಚೂಸೆಟ್ಸ್‌ನ ಲಿನ್‌ನಲ್ಲಿ ಟೀಚರ್ ಆಗಿದ್ದವಳು. ಪೆನ್ಸಿಲ್ವೇನಿಯಾ ಹಾಲ್‌ನಲ್ಲಿ ಕಲ್ಲು ಬೀಳುತ್ತಿದ್ದ ಆ ರಾತ್ರಿ ಇವಳೂ ಎದ್ದು ಮಾತಾಡಿದಳು. 1840ರಲ್ಲಿ ಹೆಂಗಸಾದ ಇವಳನ್ನು ಒಂದು ಸಮಿತಿಗೆ ಹಾಕಿದ್ದಕ್ಕೆ ಗುಲಾಮಗಿರಿ ವಿರೋಧಿಗಳ ರಾಷ್ಟ್ರೀಯ ಸಂಘವೇ ಒಡೆಯಿತು. 1841ರಲ್ಲಿ ಕ್ವೇಕರ್ ಸಭೆಗೆ ತಾನೇ ರಾಜೀನಾಮೆ ಕೊಟ್ಟಳು, ಅವರು ಹಾಕುವವರೆಗೆ ಕಾಯಲಿಲ್ಲ. 1845ರಲ್ಲಿ ಸ್ಟೀಫನ್ ಫಾಸ್ಟರ್ ಜೊತೆ ಮದುವೆ, 1847ರಲ್ಲಿ ಮಗಳು. ಆಮೇಲೂ ಊರೂರು ಸುತ್ತಿದಳು. ವೂಸ್ಟರ್‌ನ ತೋಟದಲ್ಲಿ ಮಗು ನೋಡಿಕೊಂಡದ್ದು ಗಂಡ ಮತ್ತೆ ನೆಂಟರು. ತಾಯಿಯಾಗಿ ಮಗು ಬಿಟ್ಟು ಹೋಗುತ್ತಾಳೆ ಅಂತ ಜನ ಆಡಿಕೊಂಡರು, ಆಡಿಕೊಳ್ಳಲಿ ಅಂತ ಬಿಟ್ಟಳು. 1870ರ ದಶಕದಲ್ಲಿ ನನಗೆ ವೋಟಿಲ್ಲ ಅಂದರೆ ತೆರಿಗೆಯೂ ಇಲ್ಲ ಅಂತ ಗಂಡ ಹೆಂಡತಿ ಪಟ್ಟು ಹಿಡಿದು, ತೋಟ ಹರಾಜಿಗೆ ಬಂತು. ಹಾಗಾಗಿ "ಆ ಕಾಲ ಹಾಗಿತ್ತು" ಅನ್ನುವ ಮಾತು ಪೂರ್ತಿ ನಡೆಯುವುದಿಲ್ಲ. ಅದೇ ಕಾಲದಲ್ಲಿ ಇನ್ನೊಬ್ಬ ಗಂಡ ಬೇರೆ ರೀತಿ ಇದ್ದ.

ಹಳೇಪೇಟೆ_ಮೇಷ್ಟ್ರು:

ಚುರುಮುರಿಯವರೇ, ಖಾರ ಸರಿಯಾಗಿದೆ. ವಾಷಿಂಗ್ಟನ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಒಂದೇ ಒಂದು ಸೇರಿಸುತ್ತೇನೆ. ಅಬಿಯ ಮೈ ಗಟ್ಟಿ, ಒಂದೇ ಮಗು. ಆಂಜೆಲಿನಾ 1837ರ ಪ್ರವಾಸದ ಕೊನೆಗೇ ಟೈಫಾಯ್ಡ್ ಬಂದು ಮಲಗಿದ್ದರು, ಮದುವೆಗೆ ಮುಂಚೆಯೇ ಮೈ ಸೋತಿತ್ತು. ವೆಲ್ಡ್ ಗಂಟಲೂ 1836ರಲ್ಲೇ ಕೆಟ್ಟು ಅವರೂ ಭಾಷಣ ಬಿಟ್ಟವರೇ. ಆದರೆ ಗಂಡು ಭಾಷಣ ಬಿಟ್ಟರೆ ಸುಮ್ಮನಾದ ಅಂತ ಯಾರೂ ಬರೆಯಲಿಲ್ಲ ನೋಡಿ, ಅದು ನಿಮ್ಮ ವಾದಕ್ಕೇ ಅನುಕೂಲ.

ತುಂಗೆದಡ:

ತಡವಾಗಿ ಬಂದೆ. 1838ಕ್ಕೇ ಎಲ್ಲರೂ ನಿಂತಿದ್ದೀರಿ, ನನಗೆ ಇಷ್ಟವಾದ ಭಾಗ ಆಮೇಲೆ ಬರುತ್ತದೆ.

1863ರ ಮೇನಲ್ಲಿ, ಅಂತರ್ಯುದ್ಧದ ನಡುವೆ, ನ್ಯೂಯಾರ್ಕಿನಲ್ಲಿ ಹೆಂಗಸರ ಸಮಾವೇಶ. ಆಂಜೆಲಿನಾಗೆ 58. ಎದ್ದು ಮಾತಾಡಿದಳು. ಕಪ್ಪು ಜನರಿಗೆ ಹಕ್ಕು ಸಿಗುವವರೆಗೆ ನಮಗೂ ಸಿಗುವುದಿಲ್ಲ ಅನ್ನುವುದು ಆಕೆಯ ಮಾತಿನ ತಿರುಳು.

1868ರಲ್ಲಿ ಪತ್ರಿಕೆ ಓದುತ್ತಿದ್ದಾಗ ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಬಗ್ಗೆ ಒಂದು ಸುದ್ದಿ. ಕಪ್ಪು ಹುಡುಗರಿಗಾಗಿ ಮಾಡಿದ ಸಂಸ್ಥೆ ಅದು. ಅಲ್ಲಿನ ಚೆನ್ನಾಗಿ ಓದುವ ವಿದ್ಯಾರ್ಥಿಯೊಬ್ಬನ ಹೆಸರು ಗ್ರಿಮ್ಕಿ. ಈ ಹೆಸರು ಅಪರೂಪದ್ದು. ಇವನು ನಮ್ಮ ಕುಟುಂಬದ ಗುಲಾಮನಾಗಿದ್ದಿರಬೇಕು ಅಂದುಕೊಂಡು ಕಾಗದ ಬರೆದಳು. ಉತ್ತರ ಬಂತು. ಆರ್ಚಿಬಾಲ್ಡ್ ಅಂತ ಹುಡುಗನ ಹೆಸರು, ಅಲ್ಲೇ ಓದುತ್ತಿದ್ದ ತಮ್ಮ ಫ್ರಾನ್ಸಿಸ್, ಇನ್ನೊಬ್ಬ ತಮ್ಮ ಜಾನ್. ತಾಯಿ ನ್ಯಾನ್ಸಿ ವೆಸ್ಟನ್, ಗುಲಾಮಳಾಗಿದ್ದವಳು. ಅಪ್ಪ ಹೆನ್ರಿ ಗ್ರಿಮ್ಕಿ, ಅಂದರೆ ಆಂಜೆಲಿನಾಳ ಸ್ವಂತ ಅಣ್ಣ. ಹೆನ್ರಿ ಸಾಯುವಾಗ ಇವರನ್ನು ಮನೆಯವರಂತೆ ನೋಡಿಕೋ ಅಂತ ಬಿಳಿ ಹೆಂಡತಿಯ ಮಗನಿಗೆ ಹೇಳಿದ್ದ, ಆ ಮಗ ತನ್ನ ತಮ್ಮಂದಿರನ್ನೇ ಜೀತಕ್ಕೆ ಇಟ್ಟುಕೊಂಡ.

ಇದನ್ನು ಓದಿ ಆಂಜೆಲಿನಾ ಏನು ಮಾಡಬಹುದಿತ್ತು? ಗುಲಾಮಗಿರಿ ವಿರುದ್ಧ ಬರೆಯುವುದು ಒಂದು, ಅಣ್ಣನ ಕಪ್ಪು ಮಕ್ಕಳನ್ನು ಮನೆತನದವರು ಅಂತ ಒಪ್ಪುವುದು ಇನ್ನೊಂದು. ಚಾರ್ಲ್ಸ್‌ಟನ್‌ನ ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಷಯ ಇದು. ನೀವು ನನ್ನ ಅಣ್ಣನ ಮಕ್ಕಳು ಅಂತ ವಾಪಸ್ ಬರೆದಳು. ಮಗನನ್ನು ಕರೆದುಕೊಂಡು ಹೋಗಿ ಅವರನ್ನು ನೋಡಿ ಬಂದಳು. ಇವರ ಹತ್ತಿರವೇ ದುಡ್ಡು ಸಾಲದು, ಆದರೂ ಓದಿಗೆ ಕೊಟ್ಟರು. ಆರ್ಚಿಬಾಲ್ಡ್ 1874ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಮುಗಿಸಿದ, ಫ್ರಾನ್ಸಿಸ್ ಪ್ರಿನ್ಸ್‌ಟನ್‌ನಲ್ಲಿ ಓದಿ ವಾಷಿಂಗ್ಟನ್‌ನಲ್ಲಿ ಹೆಸರಾಂತ ಪಾದ್ರಿಯಾದ. ಇದನ್ನು ಆಕೆಯ ಖಾಸಗಿ ಬದುಕು ಅನ್ನಬೇಕಾ, ಹೋರಾಟ ಅನ್ನಬೇಕಾ? ನನಗಂತೂ ಅವಳು ಮಾಡಿದ್ದರಲ್ಲಿ ಇದೇ ಕಷ್ಟದ್ದು ಅನ್ನಿಸುತ್ತದೆ, ಕಲ್ಲು ಬೀಳುವಾಗ ಮಾತಾಡಿದ್ದಕ್ಕಿಂತ.

1870ರ ಮಾರ್ಚ್ 7ರಂದು ಬಾಸ್ಟನ್ ಪಕ್ಕದ ಹೈಡ್ ಪಾರ್ಕ್‌ನಲ್ಲಿ ಹಿಮ ಸುರಿಯುತ್ತಿದ್ದರೂ ಅಕ್ಕತಂಗಿ ಇತರ ಹೆಂಗಸರ ಜೊತೆ ಸಾಲಾಗಿ ಹೋಗಿ ವೋಟು ಹಾಕಿದರು. ಪೆಟ್ಟಿಗೆ ಬೇರೆ ಇಟ್ಟಿದ್ದರು, ಎಣಿಸಲಿಲ್ಲ. ಸಾರಾಗೆ ಆಗ 77. ಆಕೆ 1873ರಲ್ಲಿ ತೀರಿಕೊಂಡಳು, ಆಂಜೆಲಿನಾ 1879ರಲ್ಲಿ.

ಮಲ್ಲಿಗೆಮೊಗ್ಗು ಅವರೇ, ಹುಡುಕುವಾಗ ಒಂದು ಎಚ್ಚರ. ಆರ್ಚಿಬಾಲ್ಡ್‌ಗೆ 1880ರಲ್ಲಿ ಮಗಳು ಹುಟ್ಟಿದಾಗ ಆಂಜೆಲಿನಾ ವೆಲ್ಡ್ ಗ್ರಿಮ್ಕಿ ಅಂತಲೇ ಹೆಸರಿಟ್ಟ. ಅವಳು ಕವಿ, ನಾಟಕವನ್ನೂ ಬರೆದಳು. ಲೈಬ್ರರಿಯ ಕಂಪ್ಯೂಟರಿನಲ್ಲಿ ಇಬ್ಬರೂ ಒಟ್ಟಿಗೇ ಬರುತ್ತಾರೆ, 1900ರ ನಂತರದ್ದೇನಾದರೂ ಸಿಕ್ಕರೆ ಅದು ಈ ಮೊಮ್ಮಗಳದ್ದು. ಅಡಿಟಿಪ್ಪಣಿಯಲ್ಲಿ ಇಬ್ಬರನ್ನೂ ಕಲಸಿಬಿಡಬೇಡಿ, ಸೆಮಿನಾರಿನಲ್ಲಿ ಮೊದಲು ಹಿಡಿಯುವುದು ಅದನ್ನೇ.